ನನ್ನ ಹೆಸರಿನಲ್ಲಿ ನಿನ್ನ ಮನೆ

ಮಿಶ್ರಿಕೋಟಿ
೧೪ ಜುಲೈ ೨೦೨೫

ಪ್ರೀತಿಯ ಅಣ್ಣನಿಗೆ,

ನಿನ್ನ ತಂಗಿ ಗುರವ್ವನ ಶರಣು. ಮೊಣಕಾಲು ನೋವು ಹೇಗಿದೆ? ಬಳ್ಳಾರಿಯ ಬಿಸಿಲಿಗಾದರೂ ಸಡಿಲಾಗಿರಬೇಕು. ವೈನಿಯವರ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ? ಮಗಳು ಐಶ್ವರ್ಯಳನ್ನು ಓದು ಓದು ಎಂದು ಬೆನ್ನು ಹತ್ತಬೇಡ, ಅವಳು ನಿನಗಿಂತ ಜಾಣೆ. ಫೋನು ಇರುವಾಗ ಇವಳೇಕೆ ಪತ್ರ ಬರೆದಳು ಎಂದು ನಗಬೇಡ. ಫೋನಿನಲ್ಲಿ ನೀನು ಮಾತಾಡುತ್ತೀ, ನಾನು ಹೂಂ ಅನ್ನುತ್ತೇನೆ. ಚಿಕ್ಕಂದಿನಿಂದ ನಮ್ಮದು ಹಾಗೇ ನಡೆದಿದೆ.

ನಾವು ಕಲಘಟಗಿಯಲ್ಲಿ ಒಂದು ಮನೆ ನೋಡಿದ್ದು ನಿನಗೆ ಗೊತ್ತು. ಮದುವೆಯಾದಾಗಿನಿಂದ ಬಾಡಿಗೆ ಮನೆಯಲ್ಲೇ ಇದ್ದವರು, ಮೊದಲ ಸಲ ಮನೆ ಕೊಳ್ಳುವವರಿಗೆ ಸಿಗುವ ರಿಯಾಯಿತಿ ನಂಬಿಯೇ ಮಾತು ಕೊಟ್ಟಿದ್ದೆವು. ಅದಿಲ್ಲದಿದ್ದರೆ ಆ ಮನೆ ನಮ್ಮ ಕೈಗೆ ನಿಲುಕುವುದಲ್ಲ. ಮೊನ್ನೆ ನೋಂದಣಿ ಕಚೇರಿಯ ಹುಡುಗಿ ಕಂಪ್ಯೂಟರು ನೋಡಿ, "ಅಕ್ಕಾರ, ನಿಮ್ಮ ಹೆಸರಿಲೆ ಅಣ್ಣಿಗೇರ್ಯಾಗ ಮನಿ ಐತಲ್ಲರಿ. ಮೊದಲನೇ ಮನಿ ರಿಯಾಯಿತಿ ಆಗಲೇ ತಗೊಂಡೀರಿ" ಎಂದಳು. ನಾನು ನಕ್ಕೆ. ಅವಳು ನಗದೆ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಅದರಲ್ಲಿ ನನ್ನದೇ ಫೋಟೋ ಇತ್ತು, ಹೋದ ಪಂಚಮಿಗೆ ನೀನು ಕೊಟ್ಟ ಇಲಕಲ್ ಸೀರೆಯಲ್ಲಿ.

ಆಗ ಎಲ್ಲ ತಿಳಿಯಿತು. ಪಂಚಮಿಗೆಂದು ನೀನು ತವರು ಶಲವಡಿಗೆ ಕರೆಸಿದೆ, ವೈನಿಯವರು ಉಡಿ ತುಂಬಿದರು. ಮರುದಿನ, "ಹೊಲದ ಕಾಗದಕ್ಕ ಒಂದು ಸಹಿ ಬೇಕವಾ, ನಡಿ" ಎಂದೆ ನೀನು. ಊರಿನ ಎಲ್ಲ ಹೆಣ್ಣುಮಕ್ಕಳಂತೆ ಅಪ್ಪನ ಹೊಲದ ಪಾಲು ಬಿಟ್ಟುಕೊಡುವ ಸಹಿ ಎಂದು ನಾನಂದುಕೊಂಡೆ. ತವರಿನ ಸೀರೆ ಉಟ್ಟು ಅಣ್ಣನ ಕಾಗದ ಓದಲು ಕುಳಿತರೆ ಮನೆತನಕ್ಕೆ ಅವಮಾನ ಎಂದು ಅವ್ವ ಕಲಿಸಿದ್ದಳು. ನೋಂದಣಿ ಅಧಿಕಾರಿ "ಒಪ್ಪಿಗಿ ಐತೇನ್ರಿ?" ಎಂದು ಕೇಳಿದಾಗಲೂ "ನಮ್ಮಣ್ಣ ಹೇಳಿದಂಗ್ರಿ" ಎಂದೆ. ಬಳ್ಳಾರಿಯಲ್ಲಿ ಮನೆ ಕಟ್ಟಿಸಿದ ನಿನಗೆ ಸಿಗದ ರಿಯಾಯಿತಿಯನ್ನು, ನನ್ನ ಹೆಸರಿನಲ್ಲಿ ಅಣ್ಣಿಗೇರಿಯ ಮನೆ ಕೊಂಡು, ನೀನು ಬೆಣ್ಣೆಯಿಂದ ಕೂದಲು ತೆಗೆದಂತೆ ತೆಗೆದುಕೊಂಡೆ.

ಅಣ್ಣಾ, ಏನೂ ಕೇಳದೆ ಹೊಲವನ್ನೇ ಕೊಡಲು ಬಂದವಳಿಗೆ ಸುಳ್ಳು ಹೇಳುವ ಗರಜೇನಿತ್ತು? ನಮ್ಮ ಯಜಮಾನರು ನಿನ್ನ ಬಗ್ಗೆ ಒಂದು ಕೆಟ್ಟ ಮಾತು ಆಡಲಿಲ್ಲ. ಆಡಿದ್ದರೆ ನಿನ್ನ ಪರವಾಗಿ ಜಗಳವನ್ನಾದರೂ ತೆಗೆಯುತ್ತಿದ್ದೆ. ಕಲಘಟಗಿಯ ಮನೆ ಮಾರುವವರಿಗೆ ಈ ತಿಂಗಳು ತಡೆಯಿರಿ ಎಂದು ಕೈಮುಗಿದು ಬಂದಿದ್ದೇವೆ.

ನಿನ್ನೆ ನೀನು ಫೋನು ಮಾಡಿ, "ಪಂಚಮಿಗೆ ಬಾ, ಇನ್ನೊಂದು ಸಹಿ ಐತಿ, ಆಧಾರ ಕಾರ್ಡ್ ಮರೀಬ್ಯಾಡ" ಎಂದೆ. ಅಣ್ಣಿಗೇರಿಯ ಮನೆಯನ್ನು ನಾನೀಗ ನಿನಗೆ ದಾನಪತ್ರ ಮಾಡಿಕೊಡಬೇಕು, ಅಲ್ಲವೇ? ಅಣ್ಣ ತಂಗಿಯ ನಡುವಿನ ದಾನಕ್ಕೆ ಶುಲ್ಕ ನಾಮಮಾತ್ರವಂತೆ. ಒಡಹುಟ್ಟಿದವರ ಪ್ರೀತಿಗೆಂದು ಸರ್ಕಾರ ಬಿಟ್ಟ ಶುಲ್ಕವನ್ನೂ ನೀನು ಬಿಡಲಿಲ್ಲ. ಬರುತ್ತೇನೆ, ಸಹಿ ಹಾಕುತ್ತೇನೆ. ನಿನ್ನ ಮನೆ ನನಗೆ ಬೇಡ.

ವೈನಿಯವರಿಗೆ ನಮಸ್ಕಾರ, ಐಶ್ವರ್ಯಳಿಗೆ ಮುತ್ತು. ನಿನಗೂ ಒಳ್ಳೆಯದಾಗಲಿ. ಬೇರೆ ಅನ್ನಲು ಬಾಯಿ ಬರುತ್ತಿಲ್ಲ.

ನಿನ್ನ ತಂಗಿ,
ಗುರವ್ವ

ತಾ.ಕ.: ಟಪಾಲು ಒಯ್ಯುವ ಬಸ್ಸಿನ ಹೊತ್ತಾಯಿತು, ಅವಸರದಲ್ಲಿ ಒಂದು ಮಾತು. ಅಂದು ನಾನು ಸಹಿ ಹಾಕಿದ್ದು ಹೊಲದ ಕಾಗದಕ್ಕಲ್ಲವಾದ್ದರಿಂದ ಅಪ್ಪನ ಹೊಲದಲ್ಲಿ ನನ್ನ ಪಾಲು ಇನ್ನೂ ಹಾಗೇ ಇದೆ. ವಕೀಲರನ್ನು ಕೇಳಿ ಖಾತ್ರಿ ಮಾಡಿಕೊಂಡೆ. ಈ ಪಂಚಮಿಗೆ ಸೀರೆ ತರಬೇಡ, ಹೊಲ ಅಳೆಯುವ ಸರ್ವೆಯವರನ್ನು ಕರೆಸು.