ಒಂದನೇ ಗೇರಿನ ವಿಷಯವಾಗಿ ಮುತ್ತಾತನವರಿಗೆ

ಹದಿಮೂರು ತಿಂಗಳ ವರ್ಷ, ಉರಿಮಾಸಕ್ಕೆ ಹಿಂದಿನ ಹುಣ್ಣಿಮೆ
(ನಿಮ್ಮ ಲೆಕ್ಕದಲ್ಲಿ ಕ್ರಿ.ಶ. 2139)
ಕೊಳ್ಳೇಗಾಲ

ನನ್ನ ಅವ್ವನ ಮುತ್ತಾತನವರಾದ ಗುರುಮಲ್ಲೇಶ ಅವರಿಗೆ ಹೊನ್ನಾಜಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ, ಯಾರೋ ಕೆಲಸವಿಲ್ಲದವರು ತಮಾಷೆ ಮಾಡಿದ್ದಾರೆ ಎಂದು ನೀವು ಕಾಗದವನ್ನು ಪಕ್ಕಕ್ಕಿಡಬಹುದು. ದಯವಿಟ್ಟು ಇಡಬೇಡಿ. ನಮ್ಮಲ್ಲಿ ಹಿಂದೋಲೆ ಎಂಬ ಏರ್ಪಾಡು ಇದೆ. ಯಾರೇ ಆಗಲಿ, ಜೀವಮಾನದಲ್ಲಿ ಒಂದು ಸಲ, ತಮ್ಮ ವಂಶದ ಹಿರಿಯರೊಬ್ಬರಿಗೆ ಹಿಂದಿನ ಕಾಲಕ್ಕೆ ಪತ್ರ ಹಾಕಬಹುದು. ತಲುಪಿದರೆ ತಲುಪಿತು, ಇಲ್ಲದಿದ್ದರೆ ಕಚೇರಿಯವರು ಹೊಣೆಯಲ್ಲ. ಜನ ಇದನ್ನು ನೆರೆ ಬರುವ ವರ್ಷ ತಿಳಿಸಲು, ಮನೆತನದ ಕಾಯಿಲೆಯ ಹೆಸರು ಹೇಳಲು ಬಳಸುತ್ತಾರೆ. ನಾನು ಗೇರ್‌ಬಾಕ್ಸ್ ಬಗ್ಗೆ ಬರೆಯುತ್ತಿದ್ದೇನೆ. ಖಂಡಿತ ಇದಕ್ಕೇನಾ ಎಂದು ಗುಮಾಸ್ತೆ ಎರಡೆರಡು ಸಲ ಕೇಳಿದಳು. ಇದಕ್ಕೇ ಎಂದೆ.

ನನ್ನ ಮಾತು ನಿಮಗೆ ಒರಟಾಗಿ, ಅಲ್ಲಲ್ಲಿ ಅರ್ಥವಾಗದಂತೆ ಕಂಡರೆ ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡಕ್ಕೆ ತಿದ್ದಿಕೊಟ್ಟವಳು ಅದೇ ಗುಮಾಸ್ತೆ. ಹಿರಿಯರಿಗೆ ಬರೆಯುವ ಕಾಗದ ಎಂದು ಬೈಗುಳಗಳನ್ನೆಲ್ಲ ಹೊಡೆದುಹಾಕಿದ್ದಾಳೆ. ಅವಳು ಊಟಕ್ಕೆ ಎದ್ದಾಗ ಒಂದೆರಡನ್ನು ನಾನು ವಾಪಸು ಸೇರಿಸಿದ್ದೇನೆ.

ನಿಮ್ಮ ಹಳೆಯ ಫಿಯೆಟ್ ಕಾರು ಇನ್ನೂ ಇದೆ. ಈ ಸುದ್ದಿ ಕೇಳಿ ನಿಮ್ಮ ಎದೆ ಉಬ್ಬುತ್ತದೆ ಎಂದು ಗೊತ್ತು, ಅದಕ್ಕೇ ಮೊದಲು ಹೇಳಿದೆ. ಬಣ್ಣ ಹೋಗಿದೆ. ಸೀಟಿಗೆ ಗೋಣಿತಾಟು ಹೊಲಿದಿದ್ದೇವೆ. ಪೆಟ್ರೋಲು ಎಂಬುದನ್ನು ನಾನು ಕಣ್ಣಿನಿಂದ ನೋಡಿಲ್ಲ. ಕಬ್ಬಿನ ಸಾರಾಯಿಯಲ್ಲಿ ಓಡಿಸುತ್ತೇವೆ, ಕುಡುಕರೂ ಮೂಗು ಮುಚ್ಚಿಕೊಳ್ಳುವಂಥ ಸಾರಾಯಿ. ನೀವು ಹಾಕಿಸಿದ ಎರಡು ಕಾರ್ಬುರೇಟರುಗಳಲ್ಲಿ ಒಂದನ್ನು ಮುಚ್ಚಿದ್ದೇವೆ. ಮುಂದಿನ ಚಕ್ರಗಳಿಗೆ ನೀವು ಡಿಸ್ಕ್ ಬ್ರೇಕ್ ಕೂರಿಸಿದಿರಲ್ಲ, ಆ ಒಂದು ಕೆಲಸಕ್ಕೆ ನಿಮಗೆ ಕೈ ಮುಗಿಯುತ್ತೇನೆ. ಬೆಟ್ಟ ಇಳಿಯುವಾಗ ಅದು ನಮ್ಮನ್ನು ಎಷ್ಟೋ ಸಲ ಉಳಿಸಿದೆ. ನನ್ನ ತಕರಾರು ಹತ್ತುವುದರ ಬಗ್ಗೆ.

ಉರಿಮಾಸ ಎಂದರೆ ಏನೆಂದು ಹೇಳಬೇಕು. ನಿಮ್ಮ ಚೈತ್ರ ವೈಶಾಖಗಳ ನಡುವೆ ನಮಗೊಂದು ತಿಂಗಳು ಹೆಚ್ಚು ಹುಟ್ಟಿಕೊಂಡಿದೆ. ಆ ತಿಂಗಳು ಬಯಲಿನಲ್ಲಿ ಮನುಷ್ಯರು ಇರುವಂತಿಲ್ಲ. ಹಂಚು ಮುಟ್ಟಿದರೆ ಕೈಯಲ್ಲಿ ಬೊಬ್ಬೆ ಏಳುತ್ತದೆ, ಬಾವಿಯ ನೀರು ಬಿಸಿಯಾಗಿರುತ್ತದೆ, ಕಾಗೆಗಳು ಕೂಡ ಊರು ಬಿಡುತ್ತವೆ. ಕೊಳ್ಳೇಗಾಲದವರು ಮಾದಪ್ಪನ ಬೆಟ್ಟಕ್ಕೆ ಏರುತ್ತೇವೆ. ಬೆಟ್ಟದ ಮೇಲೆ ನೀರು ಕಡಿಮೆ, ಆದ್ದರಿಂದ ಮುಂಚೆಯೇ ಹೋಗಿ ಕೂರುವ ಹಾಗಿಲ್ಲ. ಊದುಕೊಂಬು, ಅಂದರೆ ಏರಿ ಎಂದು ಸರ್ಕಾರ ಊದಿಸುವ ಕೊಂಬು, ಆದ ದಿನವೇ ಹೊರಡಬೇಕು. ಸರ್ಕಾರದ ಸಾಲುಗಾಡಿಗಳು, ಅಂದರೆ ತಂತಿ ಹಿಡಿದು ಒಂದರ ಹಿಂದೊಂದು ಓಡುವ ಬಂಡಿಗಳು, ಬಯಲಿನಲ್ಲಿ ಮಾತ್ರ ಓಡುತ್ತವೆ. ಘಾಟಿಗೆ ತಂತಿ ಎಳೆಯುತ್ತೇವೆ ಎಂದು ನನ್ನ ಅವ್ವ ಹುಟ್ಟುವ ಮೊದಲೇ ಹೇಳಿದ್ದರಂತೆ, ಇನ್ನೂ ಹೇಳುತ್ತಲೇ ಇದ್ದಾರೆ. ಸ್ವಂತ ಎಂಜಿನ್ ಇರುವ ಗಾಡಿ ಯಾರ ಮನೆಯಲ್ಲಿದೆಯೋ ಅವರು ಏರುತ್ತಾರೆ. ಒಂದು ಏರಿಕೆಗೆ ಎಷ್ಟು ಬೇಕೋ ಅಷ್ಟೇ ಸಾರಾಯಿ ಅಳೆದು ಕೊಡುತ್ತಾರೆ. ಗಾಡಿ ಇಲ್ಲದವರು ನೀವು ಕರಿಕಲ್ಲು ತೆಗೆದು ಬಿಟ್ಟುಹೋದ ಕ್ವಾರಿಯ ಹಳ್ಳಗಳಿಗೆ ಇಳಿದು ಮಲಗುತ್ತಾರೆ. ಕೆಲವರು ಮತ್ತೆ ಎದ್ದು ಬರುತ್ತಾರೆ.

ಹಾಗಾಗಿ ನಮ್ಮನ್ನು ಊರಿನವರು ಅದೃಷ್ಟವಂತರು ಎನ್ನುತ್ತಾರೆ. ಇವರ ತಾತ ಕಾರು ಬಿಟ್ಟುಹೋಗಿದ್ದಾನೆ, ಇವರಿಗೇನು ಕಮ್ಮಿ ಎಂದು ಮುಖದ ಮೇಲೆಯೇ ಹೇಳುತ್ತಾರೆ. ಆ ಕಾರು ಮನೆಮಂದಿಯನ್ನು ಹೊತ್ತು ಬೆಟ್ಟ ಹತ್ತುವುದಿಲ್ಲ ಎಂಬುದು ನಮಗೆ ಮಾತ್ರ ಗೊತ್ತು.

ಯಾಕೆ ಹತ್ತುವುದಿಲ್ಲ ಎಂದು ನನಗೂ ಬಹಳ ಕಾಲ ಗೊತ್ತಿರಲಿಲ್ಲ. ಎಂಜಿನ್ ಮುದಿಯಾಗಿದೆ ಎಂದು ಅಪ್ಪ ಹೇಳುತ್ತಿದ್ದ, ಸಾರಾಯಿಯಲ್ಲಿ ಕಸುವಿಲ್ಲ ಎಂದು ಅವ್ವ ಹೇಳುತ್ತಿದ್ದಳು. ಹೋದ ಮಳೆಗಾಲದಲ್ಲಿ ನಾನೇ ಗೇರ್‌ಬಾಕ್ಸ್ ಇಳಿಸಿ, ಬಿಚ್ಚಿ, ಒಂದೊಂದು ಗೇರಿನ ಹಲ್ಲನ್ನೂ ಎಣಿಸಿದೆ. ಹಿಂದಿನ ಅಚ್ಚಿನಲ್ಲಿ ಎಂಜಿನ್ನಿನ ಸುತ್ತನ್ನು ಚಕ್ರಕ್ಕೆ ದಾಟಿಸುವ ಜೋಡಿ ಹಲ್ಲುಚಕ್ರ, ಕ್ರೌನ್-ಪಿನಿಯನ್, ಅದರ ಹಲ್ಲನ್ನೂ ಎಣಿಸಿದೆ. ಎಣಿಸುತ್ತ ಹೋದ ಹಾಗೆ ನಿಮ್ಮ ತಲೆಯೊಳಗೆ ಏನಿತ್ತು ಎಂಬುದು ಒಂದೊಂದಾಗಿ ಗೊತ್ತಾಯಿತು. ಈ ಕಾರು ಕಾರ್ಖಾನೆಯಿಂದ ಬಂದಾಗ ಒಂದನೇ ಗೇರಿನಲ್ಲಿ ಎಂಜಿನ್ ಹದಿನಾರು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುತ್ತಿತ್ತು. ಅಂದರೆ ನಿಧಾನ, ಆದರೆ ಬಲ. ಭಾರ ಹೊತ್ತು ಏರುವುದಕ್ಕೆ ಅದೇ ಬೇಕು. ನೀವು ಆ ಗೇರ್‌ಬಾಕ್ಸ್ ತೆಗೆದು ಐದು ಗೇರಿನ ಹೊಸದನ್ನು ಹಾಕಿಸಿದಿರಿ. ಅದರೊಳಗೆ ರೇಸಿನವರ ಗೇರ್ ಸೆಟ್ ಕೂರಿಸಿದಿರಿ. ಸಾಲದು ಎಂದು ಕ್ರೌನ್-ಪಿನಿಯನ್ ಕೂಡ ಓಟದ್ದೇ ಹಾಕಿಸಿ, ಅದರ ಮೇಲೆ ದೊಡ್ಡ ಚಕ್ರ ಬೇರೆ. ಈಗ ಒಂದನೇ ಗೇರಿನಲ್ಲಿ ಎಂಜಿನ್ ಹತ್ತು ಸುತ್ತೂ ತಿರುಗುವುದಿಲ್ಲ, ಆಗಲೇ ಚಕ್ರ ಒಂದು ಸುತ್ತು ಮುಗಿಸಿರುತ್ತದೆ. ಸಮತಟ್ಟು ರಸ್ತೆಯಲ್ಲಿ ಒಬ್ಬನೇ ಕೂತಿದ್ದರೆ ಬಾಣದ ಹಾಗೆ ಹೋಗುತ್ತದೆ. ಘಾಟಿಯ ತಿರುವಿನಲ್ಲಿ ಆರು ಜನ ಕೂತು, ತಿಂಗಳ ದಿನಸಿ ಹೇರಿಕೊಂಡಿದ್ದರೆ, ಕ್ಲಚ್ ಸುಟ್ಟ ವಾಸನೆ ಬಿಟ್ಟು ನಿಂತುಬಿಡುತ್ತದೆ.

ನಿಮ್ಮ ಕಡೆಯ ನ್ಯಾಯವನ್ನೂ ನಾನು ಬಲ್ಲೆ. ಭಾನುವಾರ ಬೆಳಿಗ್ಗೆ ನೀವು, ನಿಮ್ಮ ಗೆಳೆಯರು ಹಳೆಯ ಕಾರುಗಳನ್ನು ಮೈಸೂರು ಹೆದ್ದಾರಿಗೆ ತರುತ್ತಿದ್ದಿರಂತೆ. ನಾಲ್ಕನೇ ಗೇರಿನಲ್ಲಿ ಎಂಜಿನ್ ಅರಚುತ್ತಿತ್ತಂತೆ, ಗೆಳೆಯರು ಹಿಂದಿನಿಂದ ಬಂದು ದಾಟಿ ಹೋಗಿ ಕೈ ಬೀಸುತ್ತಿದ್ದರಂತೆ. ಮರ್ಯಾದೆಯ ಪ್ರಶ್ನೆ, ಒಪ್ಪುತ್ತೇನೆ. ಐದನೇ ಗೇರು ಉದ್ದವಿರಲಿ, ಅಂದರೆ ಕಡಿಮೆ ಸುತ್ತಿಗೆ ಹೆಚ್ಚು ದೂರ ಓಡಲಿ, ನೂರರ ವೇಗದಲ್ಲಿ ಎಂಜಿನ್ ತಣ್ಣಗಿರಲಿ ಎಂದು ಆಸೆಪಟ್ಟದ್ದು ತಪ್ಪಲ್ಲ. ಆದರೆ ಒಂದನೆಯದನ್ನು ಬಲಕ್ಕೆಂದು ಗಿಡ್ಡ ಇಟ್ಟು ಐದನೆಯದನ್ನು ವೇಗಕ್ಕೆಂದು ಉದ್ದ ಇಡುವುದಕ್ಕೆ ಯಾರು ಅಡ್ಡ ಬಂದಿದ್ದರು? ಅಂಥ ಸೆಟ್ಟೂ ಅದೇ ಅಂಗಡಿಯಲ್ಲಿ ಸಿಗುತ್ತಿತ್ತು. ಐದು ಗೇರು ನಿಮ್ಮ ಕೈಯಲ್ಲಿದ್ದವು, ಐದನ್ನೂ ಒಂದೇ ಆಸೆಗೆ ಕೊಟ್ಟುಬಿಟ್ಟಿರಿ. ಥೂ ನಿಮ್ಮ, ಎಂದು ನಾನು ಬರೆದದ್ದನ್ನು ಗುಮಾಸ್ತೆ ಎರಡನೇ ಸಲವೂ ಹೊಡೆದಿದ್ದಾಳೆ.

ನಿಮ್ಮ ಹೆಂಡತಿ ಪುಷ್ಪಲತಾ ಅಜ್ಜಿ ಆಗಲೇ ಕೇಳಿದ್ದರಂತೆ. ಈ ಕಥೆಯನ್ನು ನಮ್ಮ ಮನೆಯ ಹೆಂಗಸರು ತಲೆಮಾರಿನಿಂದ ತಲೆಮಾರಿಗೆ ನಗುತ್ತ ಹೇಳಿಕೊಂಡು ಬಂದಿದ್ದಾರೆ. ಕಾರಿನ ಕೆಳಗೆ ತೂರಿಕೊಂಡಿದ್ದ ನಿಮ್ಮ ಕಾಲು ನೋಡಿಕೊಂಡು ಅಜ್ಜಿ, “ಎಲ್ಲಾರೂ ಕುಂತ್ರೆ ಬೆಟ್ಟ ಹತ್ತದಾ ಇದು?” ಎಂದರಂತೆ. ನೀವು ಹೊರಗೆ ಬರದೆಯೇ, “ನಾವ್ ಯಾವತ್ ಎಲ್ಲಾರೂ ಒಟ್ಗೆ ಹೊಂಟಿದ್ದೀವಿ, ಸುಮ್ನಿರು” ಎಂದಿರಂತೆ. ನಾನೂ ಚಿಕ್ಕವಳಾಗಿದ್ದಾಗ ಇದಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ. ಈಗ ಯಾರಾದರೂ ಹೇಳಹೊರಟರೆ ಎದ್ದು ಹೋಗುತ್ತೇನೆ. ತೆಗೆದ ಹಳೆಯ ಗೇರ್‌ಬಾಕ್ಸು, ಕ್ರೌನ್-ಪಿನಿಯನ್ನು ಎರಡನ್ನೂ ಗುಜರಿಗೆ ಹಾಕಿ, ಬಂದದ್ದರಲ್ಲಿ ಗೆಳೆಯರಿಗೆಲ್ಲ ಮಸಾಲೆದೋಸೆ ಕೊಡಿಸಿದಿರಂತೆ. ಅದೂ ಕಥೆಯಲ್ಲಿದೆ.

ನಮ್ಮಲ್ಲಿ ಇಂದು ಗೇರು ಕಡೆಯುವವರಿಲ್ಲ. ಸರ್ಕಾರದ ಅಚ್ಚುಮನೆಗಳಲ್ಲಿ ಚಮಚದಿಂದ ಹಿಡಿದು ಮಂಡಿಚಿಪ್ಪಿನವರೆಗೆ ಎಲ್ಲವನ್ನೂ ಅಚ್ಚು ಹಾಕಿ ಕೊಡುತ್ತಾರೆ. ಉರಿಯಂತ್ರದ, ಅಂದರೆ ಇಂಧನ ಸುಡುವ ಎಂಜಿನ್ನಿನ, ಭಾಗ ಎಂದರೆ ಬಾಗಿಲು ಹಾಕುತ್ತಾರೆ; ಹಳೆಯದನ್ನು ಓಡಿಸಬಹುದು, ಹೊಸದಾಗಿ ಮಾಡುವುದು ನಿಷಿದ್ಧ. ಒಬ್ಬನನ್ನು ಕಾಡಿಬೇಡಿ, ಒಣಗಿ ಗಟ್ಟಿಯಾಗುವ ಅಂಟಿನಲ್ಲಿ ಒಂದು ಗೇರು ಅಚ್ಚು ಹಾಕಿಸಿದೆ. ಘಾಟಿಯ ಬುಡದ ತಾಳಬೆಟ್ಟ ದಾಟುವುದರೊಳಗೆ ಹಲ್ಲೆಲ್ಲ ಉದುರಿತು.

ಕಾರು ಹತ್ತುವುದಿಲ್ಲ, ಬಯಲಿನಲ್ಲಿ ಇರುವ ಹಾಗಿಲ್ಲ. ಇವೆರಡರ ನಡುವೆ ನಮ್ಮ ಮನೆಯಲ್ಲಿ ಒಂದು ಪದ್ಧತಿ ಹುಟ್ಟಿಕೊಂಡಿದೆ. ಅದಕ್ಕೆ ಇಳಿಸರದಿ ಎಂದು ಹೆಸರು. ಹೊರಡುವ ಮುನ್ನ ಅಂಗಳದಲ್ಲಿ ಎಲ್ಲರೂ ನಿಂತು, ಗಾಡಿ ನಿಂತರೆ ಯಾರು ಇಳಿಯುವುದು ಎಂದು ತೀರ್ಮಾನಿಸುತ್ತೇವೆ. ಹಿರಿಯರು ಮೊದಲು. ಅವರು ಎಡಗಡೆಯ ಹಿಂಬಾಗಿಲ ಪಕ್ಕ ಕೂರಬೇಕು. ಹೊಸ ಸೀರೆ ಉಡಿಸುತ್ತೇವೆ, ಮಕ್ಕಳು ಕಾಲಿಗೆ ಬೀಳುತ್ತಾರೆ, ಬಾಯಿಗೆ ಬೆಲ್ಲ ಇಡುತ್ತೇವೆ. ಊರಿನವರು ಇದನ್ನು ದೊಡ್ಡ ಮರ್ಯಾದೆ ಎಂದುಕೊಂಡಿದ್ದಾರೆ. ನಿಮ್ಮ ಕಾಲದಲ್ಲಿ ಹರಕೆ ಹೊತ್ತವರು ತಾಳಬೆಟ್ಟದಿಂದ ನಡೆದು ಹತ್ತುತ್ತಿದ್ದರಂತಲ್ಲ, ಇದೂ ಅಂಥದ್ದೇ ಎಂದು ಹೇಳಿಕೊಂಡು ಸಮಾಧಾನಪಡುವವರೂ ಇದ್ದಾರೆ. ಅವರು ಮಾದಪ್ಪನಿಗಾಗಿ ನಡೆದರು, ನಾವು ನಿಮ್ಮ ಭಾನುವಾರಕ್ಕಾಗಿ ನಡೆಯುತ್ತೇವೆ. ಇಳಿದವರನ್ನು ಕಾಯುವ ಹಾಗಿಲ್ಲ. ಹಗುರವಾದ ಗಾಡಿ ಒಮ್ಮೆ ಎದ್ದಿತೆಂದರೆ ಮೇಲಿನ ತನಕ ನಿಲ್ಲಿಸಬಾರದು. ನಿಂತರೆ ಇನ್ನೊಬ್ಬರು ಇಳಿಯಬೇಕಾಗುತ್ತದೆ.

ಹೋದ ವರ್ಷ ಗಾಡಿಯಲ್ಲಿ ನನ್ನ ಅವ್ವ ನೀಲಾಂಬಿಕೆ, ಮಗಳು ಚೆಲುವಿ, ಅಳಿಯ ಮಾದೇಶ, ಅವರ ಇಬ್ಬರು ಮಕ್ಕಳು ಇದ್ದರು. ಓಡಿಸುತ್ತಿದ್ದವಳು ನಾನು. ಬಾಗಿಲ ಪಕ್ಕ ಅವ್ವ. ಮೊದಲ ಕೆಲವು ತಿರುವುಗಳನ್ನು ಓಟದಲ್ಲೇ ದಾಟಿಸಿದೆ, ಕ್ಲಚ್ಚನ್ನು ಕಾಲಬೆರಳಿನಲ್ಲಿ ಮಗುವಿನ ಹಾಗೆ ಹಿಡಿದುಕೊಂಡಿದ್ದೆ. ಒಂದು ತಿರುವಿನಲ್ಲಿ ಮುಂದಿನ ಗಾಡಿ ತುಸು ತಡೆಯಿತು. ನಮ್ಮದು ನಿಂತಿತು. ಮೂರು ಸಲ ಎಬ್ಬಿಸಿ ನೋಡಿದೆ, ಏಳಲಿಲ್ಲ. ಮಾದೇಶ ಇಳಿಯಲು ಹೋದ. ಅವ್ವ ಅವನ ತೊಡೆಯ ಮೇಲೆ ಕೈಯಿಟ್ಟು ಅದುಮಿ ಕೂರಿಸಿದಳು, ತಾನು ಇಳಿದಳು. “ಬಾಗ್ಲ ಎಳ್ಕಳವ್ವ, ಮಕ್ಳಿಗೆ ಧಗೆ ತಾಕ್ತದೆ. ನಾ ನಡ್ಕ ಬತ್ತೀನಿ, ನಿಲ್ಲುಸ್ಬ್ಯಾಡ” ಎಂದಳು. ಅವಳೊಬ್ಬಳ ಭಾರ ಕಡಿಮೆಯಾದದ್ದಕ್ಕೇ ಗಾಡಿ ಎದ್ದಿತು. ಅವ್ವ ಅಷ್ಟೇನೂ ದಪ್ಪ ಇರಲಿಲ್ಲ, ಮುತ್ತಾತನವರೇ. ನೀವು ಹಾಕಿಸಿದ ಗೇರಿಗೂ ನಮಗೂ ನಡುವೆ ಇದ್ದದ್ದು ಒಬ್ಬ ಮುದುಕಿಯಷ್ಟು ವ್ಯತ್ಯಾಸ. ಕನ್ನಡಿಯಲ್ಲಿ ಅವಳು ಸೆರಗು ತಲೆಗೆ ಹೊದ್ದು ನಡೆಯುತ್ತಿರುವುದು ಕಾಣಿಸಿತು. ನಾನು ನಿಲ್ಲಿಸಲಿಲ್ಲ.

ಮೇಲೆ ತಲುಪಿದ ಕೂಡಲೇ ಮಾದೇಶ ನೀರು ಹೊತ್ತುಕೊಂಡು ಕೆಳಗೆ ಓಡಿದ. ಅವ್ವ ಒಂದು ಬಂಡೆಯ ನೆರಳಿನಲ್ಲಿ ಒರಗಿ ಕೂತಿದ್ದಳಂತೆ. ಚಪ್ಪಲಿ ಬಿಟ್ಟು, ಜೋಡಿಸಿ, ಪಕ್ಕಕ್ಕಿಟ್ಟಿದ್ದಳಂತೆ. ನೀರು ಕುಡಿಸುವುದಕ್ಕೆ ಅವಳಲ್ಲಿ ಜೀವ ಉಳಿದಿರಲಿಲ್ಲ.

ಈ ವರ್ಷ ಚೆಲುವಿ ಮತ್ತೆ ಬಸುರಿ, ಮಕ್ಕಳಿಬ್ಬರೂ ಬೆಳೆದಿದ್ದಾರೆ, ಅವ್ವ ಇಳಿಸಿಹೋದ ಭಾರ ಮತ್ತೆ ತುಂಬಿಕೊಂಡಿದೆ. ಬಾಗಿಲ ಪಕ್ಕದ ಜಾಗ ಈಗ ನನ್ನದು. ಮಾದೇಶನಿಗೆ ಗಾಡಿ ಕಲಿಸುತ್ತಿದ್ದೇನೆ. ಮನಸ್ಸು ಮೆದು ಅವನದು, ತಿರುವಿನಲ್ಲಿ ನಿಲ್ಲಿಸಿಬಿಡುತ್ತಾನೆ ಎಂಬ ಹೆದರಿಕೆ ನನಗಿದೆ. ನಿಲ್ಲಿಸಬಾರದು ಎಂದು ದಿನವೂ ಹೇಳುತ್ತೇನೆ, ಅವನು ಆ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತಾನೆ. ನನಗೆ ಸಾಯುವ ಭಯವಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಬಹಳ ಭಯವಿದೆ.

ನನ್ನ ಬೇಡಿಕೆ ಸಣ್ಣದು. ಈ ಪತ್ರ ತಲುಪುವ ಹೊತ್ತಿಗೆ ನಿಮ್ಮ ಕಾರು ಜಾಕಿನ ಮೇಲಿರಬೇಕು, ಬಿಚ್ಚಿದ ಹಳೆಯ ಸಾಮಾನು ನೆಲದ ಮೇಲಿರಬೇಕು. ನಿಮ್ಮ ಓಟದ ಗೇರುಗಳನ್ನು ಬೇಡ ಎನ್ನುವುದಿಲ್ಲ, ಹಾಕಿಸಿಕೊಳ್ಳಿ. ಗೆಳೆಯರನ್ನು ಹಿಂದೆ ಹಾಕಿ, ಕೈ ಬೀಸಿ. ಗುಜರಿಯವನು ಬಂದಾಗ ಗೇರ್‌ಬಾಕ್ಸ್ ಬೇಕಾದರೆ ಕೊಟ್ಟುಬಿಡಿ, ಆ ಹಳೆಯ ಕ್ರೌನ್-ಪಿನಿಯನ್ ಮಾತ್ರ ಕೊಡಬೇಡಿ. ಗ್ರೀಸು ಬಳಿದು, ಬಟ್ಟೆ ಸುತ್ತಿ, ನಿಮ್ಮ ಕಲ್ಲು ಪಾಲಿಶ್ ಶೆಡ್ಡಿನ ಅಟ್ಟದ ಮೇಲೆ ಇಡಿ. ಅದೊಂದಿದ್ದರೆ ಒಂದನೇ ಗೇರಿನಲ್ಲಿ ಚಕ್ರದ ಒಂದು ಸುತ್ತಿಗೆ ಎಂಜಿನ್ ಹನ್ನೆರಡು ಸುತ್ತು ತಿರುಗುತ್ತದೆ. ಹನ್ನೆರಡಕ್ಕೆ ಬೆಟ್ಟ ಹತ್ತುತ್ತದೆ, ನಾನು ಲೆಕ್ಕ ಹಾಕಿದ್ದೇನೆ. ಬಟ್ಟೆ ಸುತ್ತುವುದು ಬೇಸರವಾದರೆ ಪುಷ್ಪಲತಾ ಅಜ್ಜಿಗೆ ಹೇಳಿ, ಅವರು ಯಾಕೆಂದು ಕೇಳದೆಯೇ ಮಾಡುತ್ತಾರೆ.

ಇದನ್ನು ಬರೆಯುವ ಮುಂಚೆಯೇ ಶೆಡ್ಡಿಗೆ ಹೋಗಿ ಅಟ್ಟ ಹತ್ತಿ ನೋಡಿ ಬಂದೆ. ನೀವು ಇಟ್ಟಿದ್ದರೆ ಅಲ್ಲಿ ಇರಬೇಕಿತ್ತು. ಇರಲಿಲ್ಲ. ಆದರೂ ಪತ್ರ ಹಾಕುತ್ತಿದ್ದೇನೆ, ನಿಮ್ಮನ್ನು ಬಿಟ್ಟರೆ ಕೇಳಲು ನನಗೆ ಬೇರೆ ಯಾರೂ ಇಲ್ಲ. ಹಾಕಿದ ಮೇಲೆ ಇನ್ನೊಂದು ಸಲ ಹೋಗಿ ನೋಡುತ್ತೇನೆ.

ಇಂತಿ ನಿಮ್ಮ ವಂಶದವಳು,
ಹೊನ್ನಾಜಿ