ಮಿಲೋನ ವಯಸ್ಸು, ಮಿಲೋನ ಕಾಲು

ಬುಕಿತ್ ಪಂಜಾಂಗ್, ಸಿಂಗಪುರ
೧೧ ಆಗಸ್ಟ್ ೨೦೧೬, ಗುರುವಾರ

ಮುದ್ದಿನ ಕಿರಣ,

ಹೇಗಿದ್ದೀಯಪ್ಪ? ಹಿಮ್ಮಡಿಯ ಬೊಬ್ಬೆ ಒಣಗಿತೇ? ಬೂಟಿನೊಳಗೆ ಎರಡು ಜೊತೆ ಕಾಲುಚೀಲ ಹಾಕಿಕೋ ಎಂದು ಹೇಳಿದ್ದೆ. ಹಾಕಿಕೊಂಡಿರುವುದಿಲ್ಲ, ನನಗೆ ಗೊತ್ತು. ಈ ಪತ್ರ ನಿನ್ನ ಕೈ ಸೇರುವಾಗ ನೀನು ಟೆಕಾಂಗ್ ದ್ವೀಪದ ಕಾಡಿನಲ್ಲಿ ಕೆಸರು ಮೆತ್ತಿಕೊಂಡು ಕೂತಿರುತ್ತೀಯ. ಸೈನ್ಯದ ತರಬೇತಿಯ ಫೀಲ್ಡ್ ಕ್ಯಾಂಪಿನಲ್ಲಿ ಹುಡುಗರಿಗೆ ಮನೆಯವರ ಪತ್ರ ಕೊಡುತ್ತಾರಂತೆ, ಎಂಥೆಂಥ ಗಟ್ಟಿಗರೂ ಅದನ್ನೋದಿ ಅಳುತ್ತಾರಂತೆ. ಮುಂಚಿತವಾಗಿ ಮಗನಿಗೆ ಹೇಳಬೇಡಿ, ಧೈರ್ಯದ ಮಾತು ಬರೆಯಿರಿ, ಮನೆಯ ತಾಪತ್ರಯ ಬರೆಯಬೇಡಿ ಎಂದು ನಿಮ್ಮ ಕ್ಯಾಂಪಿನಿಂದ ನಮಗೆ ಸೂಚನೆ ಬಂದಿದೆ. ನಾನೇನು ಧೈರ್ಯ ಹೇಳಲಿ? ಜಿರಲೆ ಕಂಡರೆ ಮಂಚ ಹತ್ತುತ್ತಿದ್ದ ಹುಡುಗನ ಕೈಗೆ ಬಂದೂಕು ಕೊಟ್ಟಿದ್ದಾರೆ, ಧೈರ್ಯ ಅವರಿಗೇ ಬೇಕು. ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒತ್ತಕ್ಷರ ತೊಡಕಾದರೆ ದಾಟಿಕೊಂಡು ಓದು, ಅರ್ಥವಾಗುತ್ತದೆ. ಇವತ್ತು ಸಂಜೆಯೊಳಗೆ ಇದು ಅಂಚೆಗೆ ಬೀಳಬೇಕು.

ಮೊದಲು ನೀನು ಕೇಳುವುದನ್ನೇ ಹೇಳಿಬಿಡುತ್ತೇನೆ. ಮಿಲೋನ ಇನ್ಶೂರೆನ್ಸ್ ಆಯಿತಾ ಎಂದು ನೀನು ಫೋನಿನಲ್ಲಿ ಕೇಳಿದಾಗಲೆಲ್ಲ ನಾನು "ಆಗ್ತಿದೆ, ಆಗ್ತಿದೆ" ಎಂದು ತೇಲಿಸುತ್ತಿದ್ದೆ. ನಿನ್ನ ದನಿ ಕೇಳಿದರೆ ನನಗೆ ನಿಜ ಹೇಳಲು ಬಾಯಿ ಬರುವುದಿಲ್ಲ. ಕಾಗದದ ಮೇಲೆ ಬರುತ್ತದೆ. ಅದೇನು ಸುಲಭದ ಕೆಲಸ ಎಂದುಕೊಂಡಿದ್ದೀಯೋ! ನಿನಗೇನು, ಜೆಟ್ಟಿಯಲ್ಲಿ ನನ್ನ ಕೈಮೇಲೆ ಕೈ ಇಟ್ಟು "ಪ್ರಾಮಿಸ್ ಅವ್ವ" ಎಂದು ಮಾತು ತೆಗೆದುಕೊಂಡು ದೋಣಿ ಹತ್ತಿಬಿಟ್ಟೆ. ನಿನ್ನ ಗೆಳೆಯ ಸಂಕೇತನ ಮನೆಯ ನಾಯಿ ಗೋಲ್ಡನ್‌ಗೆ ಸೊಂಟದ ಆಪರೇಷನ್ ಮಾಡಿಸುವ ಶಕ್ತಿ ಇಲ್ಲದೆ ಅವರು ಅದನ್ನು ಇಂಜೆಕ್ಷನ್ ಕೊಟ್ಟು ಮಲಗಿಸಿಬಿಟ್ಟರಲ್ಲ, ಅವತ್ತು ನೀನು ಊಟ ಬಿಟ್ಟು ಕೂತದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ದುಡ್ಡು ನೋಡಿ ಮಿಲೋ ಬದುಕಬೇಕಾ ಬೇಡವಾ ಎಂದು ನಾವು ಯಾವತ್ತೂ ಯೋಚಿಸುವಂತಾಗಬಾರದು, ಅವನು ಸಾಯುವ ತನಕ ಕೈಬಿಡದ ಇನ್ಶೂರೆನ್ಸೇ ಬೇಕು ಎಂದು ನೀನಂದೆ. ನಾನು ಹೂಂ ಅಂದೆ.

ಹುಡುಕಿದ ಮೇಲೆ ಗೊತ್ತಾಯಿತು, ನಾಯಿಯ ಇನ್ಶೂರೆನ್ಸ್ ಮಾಡಿಸುವುದಕ್ಕಿಂತ ಮಗಳ ಮದುವೆ ಮಾಡುವುದು ಸಲೀಸು. ಒಬ್ಬರು ಈ ವರ್ಷ ಬಂದ ಕಾಯಿಲೆಗೆ ಈ ವರ್ಷ ಕೊಡುತ್ತಾರೆ, ಮರುವರ್ಷ ಅದೇ ಕಾಯಿಲೆ ಎಂದರೆ ಗುರುತೇ ಇಲ್ಲದವರ ಹಾಗೆ ಮುಖ ತಿರುಗಿಸುತ್ತಾರೆ. ಇನ್ನೊಬ್ಬರು ಎಲ್ಲದಕ್ಕೂ ಹೂಂ ಎಂದು, ಕೊನೆಗೆ ಲ್ಯಾಬ್ರಡಾರ್ ಎಂದು ಕೇಳಿದ ಕೂಡಲೇ ಕಂತು ಎರಡರಷ್ಟು ಮಾಡಿದರು. ದೊಡ್ಡ ಜಾತಿಯ ನಾಯಿಗೆ ಮೂಳೆ, ಕೀಲು, ಸೊಂಟ ಎಲ್ಲ ಬೇಗ ಕೆಡುತ್ತದಂತೆ. ಮಿಲೋ ಎದುರಿಗೇ ಕೂತು ಬಾಲ ಆಡಿಸುತ್ತಿದ್ದ, ತನ್ನನ್ನು ಬೈಯುತ್ತಿದ್ದಾರೆ ಎಂದು ಅವನಿಗೇನು ಗೊತ್ತು. ಕಡೆಗೆ ಇನ್ಶೂರೆನ್ಸ್ ಮಾಡಿಸಿಕೊಡುವ ಕನ್ನಡ ಸಂಘದ ವಿನೋದ್ ಒಂದು ಕಂಪನಿ ತೋರಿಸಿದ. ಒಮ್ಮೆ ಸೇರಿಸಿಕೊಂಡರೆ ಜೀವ ಇರುವವರೆಗೂ, ಅದೇ ಕಾಯಿಲೆಗೆ ವರ್ಷ ವರ್ಷವೂ ಕೊಡುತ್ತಾರೆ. ಕಂತೂ ನಮ್ಮ ಕೈಗೆಟುಕುವಂಥದ್ದು. ಷರತ್ತು ಎರಡೇ. ದೊಡ್ಡ ನಾಯಿಗೆ ಆರು ವರ್ಷ ತುಂಬಿರಬಾರದು. ಮೊದಲೇ ಇದ್ದ ಕಾಯಿಲೆಗೆ ಬಿಡಿಗಾಸೂ ಇಲ್ಲ.

ಈಗ ನಿನ್ನ ಅಜ್ಜನ ಪ್ರತಾಪ ಕೇಳು. ಮಿಲೋ ಮನೆಗೆ ಬಂದಾಗ ನಿನಗೆ ಹದಿಮೂರು. ನಾಯಿಗಳಿಗೆ ಪಾಠ ಹೇಳುವ ಕ್ಲಾಸಿಗೆ ಅವನನ್ನು ಸೇರಿಸಲೇಬೇಕು ಎಂದು ಕುಣಿದೆ, ಅವರು ಆರು ತಿಂಗಳು ತುಂಬದ ಮರಿಯನ್ನು ಮುಟ್ಟುವುದಿಲ್ಲ ಎಂದರು. ಆಗಿನ್ನೂ ಊರಿನಿಂದ ಬಂದುಹೋಗುತ್ತಿದ್ದ ಅಜ್ಜ ಕನ್ನಡಕ ಏರಿಸಿ, ಪೆನ್ನು ತೆಗೆದು, ಹುಟ್ಟಿದ ತಾರೀಖಿನ ಜಾಗದಲ್ಲಿ ಜೂನ್ ಒಂದು ಎಂದು ಬರೆದೇಬಿಟ್ಟರು. ಬಾದಾಮಿ ಕಡೆಯ ಹಳ್ಳಿ ಶಾಲೆಗಳಲ್ಲಿ ನಲವತ್ತು ವರ್ಷ ಹೆಡ್‌ಮಾಸ್ತರಾಗಿದ್ದವರಿಗೆ ಬೇರೆ ತಾರೀಖು ಎಲ್ಲಿಂದ ಹೊಳೆಯಬೇಕು? ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಅವರು ಕೊಟ್ಟದ್ದು ಅದನ್ನೇ. ವಯಸ್ಸು ಸಾಲದವರಿಗೆ ಒಂದಿಷ್ಟು ಸೇರಿಸಿ ಕೊಟ್ಟದ್ದೂ ಅದನ್ನೇ. ನಿನ್ನ ಅಪ್ಪನ ಪಾಸ್‌ಪೋರ್ಟಿನಲ್ಲೂ ಅದೇ ಇದೆ, ಅವರು ಹುಟ್ಟಿದ್ದು ಸಂಕ್ರಾಂತಿಯ ಹೊತ್ತಿಗೆ. ದೀಪಾವಳಿ ಕಳೆದ ಮೇಲೆ ಹುಟ್ಟಿದ ಮಿಲೋ ಹೀಗೆ ಒಂದು ಕ್ಷಣದಲ್ಲಿ ಅರ್ಧ ವರ್ಷ ದೊಡ್ಡವನಾದ. ನಾವೆಲ್ಲ ನಕ್ಕೆವು. ಅದೇ ತಾರೀಖು ಲೈಸೆನ್ಸಿಗೂ ಹೋಯಿತು, ವೆಟ್ ಡಾಕ್ಟರ ಹತ್ತಿರವೂ ಹೋಯಿತು. ಲೆಕ್ಕ ಹಾಕು, ಕಾಗದದ ಮೇಲೆ ಅವನಿಗೆ ಈ ಜೂನಿಗೇ ಆರು ತುಂಬಿಹೋಗಿದೆ. ವಿನೋದ್ ಫೋನ್ ಮಾಡಿ, "ಆಂಟಿ, ಏಜ್ ಕ್ರಾಸ್ ಆಗಿದೆ, ರಿಜೆಕ್ಟ್ ಆಗುತ್ತೆ" ಎಂದ.

ನಾನು ಅಜ್ಜನ ಮೇಲೆ ರೇಗಿದೆ ಕಿರಣ. ಮಾವನವರ ಎದುರು ಇಷ್ಟು ವರ್ಷದಲ್ಲಿ ದನಿ ಎತ್ತಿದವಳಲ್ಲ, ಅವತ್ತು ಎತ್ತಿದೆ. ಮರುದಿನ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿ, ಹಣೆಗೆ ವಿಭೂತಿ ಹಚ್ಚಿ, "ನಡಿ, ಯಾರ ಮುಂದ ಹೇಳಬೇಕು ಅವರ ಮುಂದ ಹೇಳತೀನಿ" ಎಂದು ಹೊರಟು ನಿಂತರು. ಮಿಲೋನ ತಾಯಿಯನ್ನು ಸಾಕಿದ್ದ ಯಿಶುನ್‌ನ ಸರಳಾ ಆಂಟಿ ಮನೆಗೆ ಹೋದೆವು. ಪುಣ್ಯಕ್ಕೆ ಅವರ ವೆಟ್ ಬಳಿ ಆ ಸೂಲಿನ ಆರೂ ಮರಿಗಳ ತಾರೀಖು ಇತ್ತು. ಅಲ್ಲಿಂದ ನಮ್ಮ ವೆಟ್ ಬಳಿ ಬಂದು ಅಜ್ಜ ಕೌಂಟರಿನ ಚೀನೀ ಹುಡುಗಿಯ ಎದುರು ಕೈಕಟ್ಟಿ ನಿಂತು, ತಮ್ಮ ಹಳೆಯ ಶಾಲೆಯ ಇಂಗ್ಲಿಷಿನಲ್ಲಿ, "ಮಿಸ್ಟೇಕ್ ಈಸ್ ಮೈನ್, ಮೇಡಂ" ಎಂದರು. ಆ ಹುಡುಗಿ ಗಾಬರಿಯಾಗಿ "ಓಕೆ ಲಾ ಅಂಕಲ್, ಓಕೆ ಲಾ" ಎಂದು ಎದ್ದು ನಿಂತಳು. ಅಜ್ಜನನ್ನು ಅಲ್ಲಿ ನಿಲ್ಲಿಸಿದವಳು ನಾನೇ ತಾನೆ. ತಾರೀಖು ತಿದ್ದಿದರು. ಕಂಪನಿಯವರೂ ಒಪ್ಪಿದರು. ಬರುವ ಸೋಮವಾರದಿಂದ ಪಾಲಿಸಿ ಶುರು ಎಂದು ವಿನೋದ್ ಹೇಳಿದ. ನಾನು ಅವತ್ತು ಹೋಳಿಗೆ ಮಾಡಿದೆ, ಮಿಲೋಗೂ ಹಾಕಿದೆ, ಬೈಯಬೇಡ.

ಇಲ್ಲಿಗೆ ನಿಲ್ಲಿಸಿ, ಎಲ್ಲ ಚೆನ್ನಾಗಿದೆ ಎಂದು ಸಹಿ ಮಾಡಿಬಿಡೋಣ ಅನಿಸುತ್ತಿದೆ. ಆದರೆ ಮೊನ್ನೆ ಮಂಗಳವಾರ, ನ್ಯಾಷನಲ್ ಡೇ ದಿನ, ನಾವು ಟೀವಿಯಲ್ಲಿ ಪೆರೇಡ್ ನೋಡುತ್ತಿದ್ದಾಗ ಮಿಲೋ ಸೋಫಾದಿಂದ ಹಾರಿದವನು ಒಂದೇ ಒಂದು ಸಲ ಕುಂಯ್ ಎಂದ. ಆಮೇಲೆ ಬಲ ಹಿಂಗಾಲನ್ನು ನೆಲಕ್ಕೆ ಊರಲೇ ಇಲ್ಲ. ಉಳುಕಿರಬೇಕು ಎಂದುಕೊಂಡೆ. ಅಜ್ಜ ಬಿಸಿನೀರಿನ ಶಾಖ ಕೊಟ್ಟರು. ನಿನ್ನೆ ಬೆಳಿಗ್ಗೆ ಮಂಡಿ ಬಾತಿತ್ತು. ವೆಟ್‌ಗೆ ಫೋನ್ ಮಾಡುವ ಮೊದಲು ವಿನೋದನಿಗೆ ಒಂದು ಮಾತು ತಿಳಿಸೋಣವೆಂದು ಫೋನ್ ಮಾಡಿದೆ. ಅದೇ ತಪ್ಪಾಯಿತೇನೋ. "ಅಯ್ಯೋ ಆಂಟಿ, ಈಗ ವೆಟ್ ಹತ್ರ ಹೋಗ್ಲೇಬೇಡಿ! ರೆಕಾರ್ಡ್ ಆಯ್ತು ಅಂದ್ರೆ ಎರಡೂ ಹಿಂಗಾಲಿನ್ ಪ್ರಾಬ್ಲಮ್ ಲೈಫ್‌ಲಾಂಗ್ ಕಟ್. ಪಾಲಿಸಿ ಸ್ಟಾರ್ಟ್ ಆಗಿ ವೇಟಿಂಗ್ ಪೀರಿಯಡ್ ಮುಗೀಲಿ, ಆಮೇಲೆ ಹೊಸದಾಗಿ ಆಗಿದ್ದು ಅಂತ ತೋರ್ಸಿ. ಎಲ್ರೂ ಹಂಗೇ ಮಾಡೋದು" ಎಂದ. ಕಾಲಿನ ತೊಂದರೆಗೆ ಕಾಯಬೇಕಾದ ಅವಧಿ ಒಂದು ತಿಂಗಳಿಗೂ ಹೆಚ್ಚು.

ನಿನ್ನ ಅಪ್ಪನೂ ಅದನ್ನೇ ಹೇಳುತ್ತಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬುದು ಅವರ ಧರ್ಮ, ನಿನಗೆ ಗೊತ್ತಲ್ಲ. "ಸ್ವಲ್ಪ ದಿನ ತಡಕೋ ಸುರೇಖಾ. ಓಡಾಡಸದ ಮಲಗಿಸಿದ್ರ ತಾನ ಕಡಿಮಿ ಆಗತದ. ಇಲ್ಲಾಂದ್ರ ಮುಂದ ಎರಡೂ ಕಾಲು ಹೋದ್ರ ಎಲ್ಲಿಂದ ತರೋಣು?" ಎಂದರು. ಕಲ್ಲುಮನಸ್ಸಿನವರು ಎಂದುಕೊಳ್ಳಬೇಡ. ಹಾಗೆಂದವರೇ ಅಷ್ಟು ಭಾರದ ನಾಯಿಯನ್ನು ತೋಳಲ್ಲಿ ಎತ್ತಿಕೊಂಡು ಬೆಳಿಗ್ಗೆ ಸಂಜೆ ಕೆಳಗಿನ ಹುಲ್ಲಿನ ತನಕ ಹೋಗಿಬರುತ್ತಿದ್ದಾರೆ. ಕಾಂಡೋ ಅಪಾರ್ಟ್ಮೆಂಟಿನವರು ನೋಡಿ ನಗುತ್ತಾರೆ, ಇವರಿಗೆ ಅದರ ಪರಿವೆಯೇ ಇಲ್ಲ.

ನನಗೆ ಇದು ನುಂಗಲಾರದ ಬಿಸಿತುಪ್ಪವಾಗಿದೆ. ಮಿಲೋ ಅಳುವುದಿಲ್ಲ, ಅದೇ ನನಗೆ ತಡೆಯಲಾಗದ್ದು. ನಿನ್ನ ಕೋಣೆಯ ಬಾಗಿಲಿಗೆ ಒರಗಿ ಮಲಗಿ, ನಾನು ಹತ್ತಿರ ಹೋದರೆ ಬಾಲವನ್ನು ನೆಲಕ್ಕೆ ಒಂದು ಸಲ ಬಡಿಯುತ್ತಾನೆ, ಅಷ್ಟೇ. ಅನ್ನ ಮೂಸಿ ಬಿಡುತ್ತಾನೆ. ವೆಟ್ ಡಾಕ್ಟರಿಗೆ ಹೇಳೋಣವೆಂದು ಫೋನಿಗೆ ಕೈ ಹಾಕುತ್ತೇನೆ, ನಿನಗೆ ಕೊಟ್ಟ ಮಾತು ನೆನಪಾಗಿ ಕೈ ತೆಗೆಯುತ್ತೇನೆ. ಇವತ್ತು ತೋರಿಸಿದರೆ ಇವತ್ತಿನ ನೋವು ಹೋಗಬಹುದು, ಆದರೆ ನೀನು ಕೇಳಿದ ಆ ಜೀವನಪೂರ್ತಿಯ ಆಸರೆ ಅವನ ಕಾಲಿಗೆ ಇರುವುದಿಲ್ಲ. ಇಷ್ಟೆಲ್ಲ ಒದ್ದಾಡಿ ವಯಸ್ಸು ತಿದ್ದಿಸಿ, ಅಜ್ಜನನ್ನು ಕೈಕಟ್ಟಿ ನಿಲ್ಲಿಸಿ, ಕೈಗೆ ಬಂದ ತುತ್ತನ್ನು ಬಾಯಿಗೆ ಬಾರದ ಹಾಗೆ ಮಾಡಲೇ? ತಡೆದುಕೊಳ್ಳುತ್ತೇನೆ. ಮಾತು ಕೊಟ್ಟಿದ್ದೇನೆ, ಉಳಿಸಿಕೊಳ್ಳುತ್ತೇನೆ. ನೀನು ಬರುವ ಹೊತ್ತಿಗೆ ಪಾಲಿಸಿಯ ಕಾಗದ ನಿನ್ನ ಕೈಯಲ್ಲಿಡುತ್ತೇನೆ.

ಮಳೆ ಬಂದರೆ ನೆನೆಯಬೇಡ ಎಂದು ಸೈನಿಕನಿಗೆ ಹೇಳುವ ಹಾಗಿಲ್ಲ, ಆದರೂ ಹೇಳುತ್ತೇನೆ. ಹಾವು ಹುಳದ ಮೇಲೆ ಕಣ್ಣಿಡು. ಸಾರ್ಜೆಂಟ್ ಕೂಗಿದರೆ ಎದುರಾಡಬೇಡ, ಆ ವಿದ್ಯೆಯನ್ನು ಮನೆಗೆ ಇಟ್ಟುಕೋ. ಅಜ್ಜ ಆಶೀರ್ವಾದ ತಿಳಿಸಿದ್ದಾರೆ, ಅಪ್ಪ ಬೆನ್ನು ತಟ್ಟಿದ್ದಾರೆ ಎಂದುಕೋ. ಬಸವಣ್ಣ ನಿನ್ನನ್ನು ಕಾಯಲಿ, ಸುಖವಾಗಿ ಬಾ ಮಗನೇ.

ನಿನ್ನ ಅವ್ವ,
ಸುರೇಖಾ

ತಾ.ಕ.: ಅಂಟಿಸಿದ್ದ ಕವರನ್ನು ಹರಿದು ಬರೆಯುತ್ತಿದ್ದೇನೆ, ವೆಟ್ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತು. ಅಕ್ಷರ ಕೆಟ್ಟಿದೆ, ಹೇಗೋ ಓದಿಕೋ. ಪತ್ರ ಹಾಕಿ ಬರುತ್ತೇನೆ ಎಂದು ಚಪ್ಪಲಿ ಮೆಟ್ಟುತ್ತಿದ್ದಾಗ, ಮಿಲೋನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೆಲದಲ್ಲಿ ಕೂತಿದ್ದ ಅಜ್ಜ, "ಮಕ್ಕಳನ್ನ ಸಾಲಿಗೆ ಹಾಕಾಕ ಸುಳ್ಳ ಬರದೀನಿ ಸುರೇಖಾ. ಯಾರದೂ ನೋವು ಮುಚ್ಚಾಕ ಬರದಿಲ್ಲ" ಎಂದರು. ನಾನು ಟ್ಯಾಕ್ಸಿ ಕರೆದೆ. ಮಂಡಿಯೊಳಗೆ ಮೂಳೆ ಹಿಡಿದಿಡುವ ನಾರು ಹರಿದಿದೆಯಂತೆ, ಕಾದಿದ್ದರೆ ಕೀಲೇ ಸವೆದುಹೋಗುತ್ತಿತ್ತಂತೆ. ಯಾವಾಗಿನಿಂದ ಕುಂಟುತ್ತಿದ್ದಾನೆ ಎಂದು ಡಾಕ್ಟರಮ್ಮ ಕೇಳಿದರು. ಮಂಗಳವಾರದಿಂದ ಎಂದೆ. ನನ್ನ ಕಣ್ಣೆದುರೇ ಟೈಪ್ ಮಾಡಿಕೊಂಡರು. ಇನ್ನು ಪಾಲಿಸಿ ಸಿಕ್ಕರೂ ಎರಡೂ ಹಿಂಗಾಲಿಗೆ ಯಾವತ್ತೂ ಏನೂ ಸಿಗುವುದಿಲ್ಲ. ನಿನಗೆ ಕೊಟ್ಟ ಮಾತು ಮುರಿದೆ, ಕಿರಣ. ಅಪ್ಪನಿಗೆ ಫೋನ್ ಮಾಡಿದೆ, ಮೊದಲು ಬೈದರು, ಆಮೇಲೆ "ಯಾವ ಕ್ಲಿನಿಕ್? ಬಂದೆ" ಎಂದರು. ದುಡ್ಡು ನೋಡಿ ಆರಿಸುವ ಗಳಿಗೆ ನಮಗೆ ಬರಬಾರದು ಎಂದಿದ್ದೆಯಲ್ಲ, ಅದು ಬಂದೇ ಬಂತು. ನಾವು ಮಿಲೋನನ್ನು ಆರಿಸಿದೆವು. ಶನಿವಾರ ಆಪರೇಷನ್. ತಾಪತ್ರಯ ಬರೆಯಬೇಡಿ ಎಂದಿದ್ದರು, ಆದರೂ ಇದನ್ನು ಬರೆಯಲೇಬೇಕು. ನೀನು ಮನೆಗೆ ಬಂದ ದಿನ ಲಿಫ್ಟಿನಿಂದ ಇಳಿದ ಕೂಡಲೇ ಸೀಟಿ ಹೊಡೆಯಬೇಡಪ್ಪ. ಬೂಟು ಹೊರಗೇ ಬಿಚ್ಚಿ, ಸದ್ದಿಲ್ಲದೆ ಒಳಗೆ ಬಂದು, ಅವನ ಪಕ್ಕದಲ್ಲಿ ನೆಲಕ್ಕೆ ಕೂತು, ಆಮೇಲೆ ಹೆಸರು ಹಿಡಿದು ಕರೆ. ನೀನು ಬಂದೆ ಎಂದು ಮೊದಲೇ ಗೊತ್ತಾದರೆ ಅವನು ಎದ್ದು ಓಡಿಬರುತ್ತಾನೆ. ಏಳಬಾರದಂತೆ.