ಗುಳಿಗೆ ಬಿಟ್ಟ ಮೇಲಿನ ಐದು ತಿಂಗಳು

ಯಲಬುರ್ಗಾ
21 ನವೆಂಬರ್ 1982, ರವಿವಾರ

ಪ್ರೀತಿಯ ಹಸೀನಾ,

ನಿನ್ನ ಮೂರು ಕಾಗದಗಳಿಗೆ ಸೇರಿಸಿ ಒಂದೇ ಉತ್ತರ ಬರೆಯುತ್ತಿದ್ದೇನೆ. ಬೈಯಬೇಕೆನಿಸಿದರೆ ಬೈದುಬಿಡು, ಆದರೆ ಪೂರ್ತಿ ಓದಿದ ಮೇಲೆ. ನಮ್ಮ ಹೆಣ್ಣುಮಕ್ಕಳ ಸಾಲೆಯಲ್ಲಿ ಪರೀಕ್ಷೆ ಮುಗಿಯಿತು, ಚಿಕ್ಕವಳಿಗೆ ಎಂಟು ದಿನ ಜ್ವರ ಬಂದು ಹೋಯಿತು. ನಿನ್ನ ಯಜಮಾನರ ಮಂಡಿನೋವು ಹೇಗಿದೆ? ಮುನಿರಾಬಾದಿನಲ್ಲಿ ಡ್ಯಾಮಿನ ಥಂಡಿ ಗಾಳಿ ಈಗಲೇ ಶುರುವಾಗಿರಬೇಕು.

ನೀನು ನರ್ಸ್‌ಬಾಯಿಯಾಗಿ ಕೇಳಿದ್ದೀಯ, ‘ಗುಳಿಗೆ ಬಿಟ್ಟ ಮೇಲೆ ಮುಟ್ಟು ಹೇಗೆ ಬರುತ್ತಿದೆ?’ ಎಂದು. ಐದು ವರ್ಷ ನಿನ್ನಿಂದಲೇ ಬಸಿರಾಗದ ಗುಳಿಗೆ ತರಿಸಿಕೊಂಡು ನುಂಗಿದವಳು ನಾನು. ಲೆಕ್ಕ ಒಪ್ಪಿಸಲೇಬೇಕು.

ಇನ್ನೊಂದು ಮಗು ಬೇಕೆನಿಸಿದೆ ಎಂದು ನಮ್ಮವರಿಗೆ ಹೇಳಿದಾಗ ಅವರು “ನಿನ್ನ ಇಚ್ಛಾ” ಎಂದಷ್ಟೇ ಹೇಳಿ ಕಚೇರಿಗೆ ಹೊರಟುಹೋದರು. ಅವರು ಮೊದಲಿನಿಂದಲೂ ಕಡಿಮೆ ಮಾತಿನವರು, ನಿನಗೆ ಗೊತ್ತಿದ್ದದ್ದೇ. ಜೂನ್ ಒಂಬತ್ತಕ್ಕೆ ಕೊನೆಯ ಗುಳಿಗೆ ನುಂಗಿದೆ. ಮೂರನೆಯ ದಿನ ಎಂದಿನಂತೆ ಮುಟ್ಟಾದೆ. ಆಮೇಲೆ ಜುಲೈ ಬಂತು, ಅದು ಬರಲಿಲ್ಲ.

ನಮ್ಮ ಅತ್ತೆ ದುರುಗವ್ವನಿಗೆ ಮನೆಯ ಹೆಣ್ಣುಮಕ್ಕಳ ದಿನಗಳೆಲ್ಲ ಬಾಯಿಪಾಠ. “ನಮ್ಮ ಪಂಪಾವತಿ ಹೊರಗಾಗೋದಂದ್ರ ಮುಂಜಾನಿ ಕೊಪ್ಪಳ ಬಸ್ ಇದ್ದಂಗ, ತಪ್ಪಂಗಿಲ್ಲ” ಎಂದು ಓಣಿಯಲ್ಲಿ ಹೇಳಿಕೊಳ್ಳುತ್ತಿದ್ದರು. ಬಸ್ಸು ತಪ್ಪಿದ್ದೇ ತಡ, ಅವರ ಮುಖವೇ ಬೇರೆಯಾಯಿತು. ನನ್ನ ಕೈಯಿಂದ ಕೊಡ ಕಸಿದುಕೊಂಡರು. ಪಕ್ಕದ ಮನೆಯ ಯಮನೂರಮ್ಮನಿಗೆ ಹೇಳಿ ಉಪ್ಪಿನಲ್ಲಿಟ್ಟ ಮಾವಿನಕಾಯಿ ತರಿಸಿದರು. ನನಗೂ ಆಸೆ. ಆದರೆ ಮೈಯಲ್ಲಿ ಮೊದಲಿನ ಎರಡು ಬಸಿರಿನ ಯಾವ ಗುರುತೂ ಇಲ್ಲ. ವಾಂತಿಯಿಲ್ಲ, ಸಂಕಟವಿಲ್ಲ. ಬದಲಿಗೆ ಹದಿನಾರರ ಹುಡುಗಿಗೆ ಏಳುವಂತೆ ಗಲ್ಲದ ತುಂಬ ಮೊಡವೆ! ಕನ್ನಡಿ ನೋಡಿಕೊಂಡು ನಗು ಬಂತು. ಬಸಿರಲ್ಲದಿದ್ದರೆ ಒಳಗೆ ನಡೆದಿರುವುದಾದರೂ ಏನು?

ತಡೆಯಲಾಗದೆ ಜುಲೈ ಕೊನೆಗೆ ಸಾಲೆಗೆ ರಜೆ ಹಾಕಿ, ಕೊಪ್ಪಳದಲ್ಲಿ ಬಸ್ಸು ಬದಲಿಸಿ, ಗಂಗಾವತಿಯ ಲೇಡಿ ಡಾಕ್ಟರರ ಹತ್ತಿರ ಹೋದೆ. ಮೂತ್ರ ಪರೀಕ್ಷೆ ಮಾಡಿಸಿ ಬಸಿರಲ್ಲ ಎಂದರು. ಸಪ್ಪಗಾದೆ. ಆದರೂ ಮನಸ್ಸಿನಲ್ಲಿದ್ದ ಪ್ರಶ್ನೆಗಳನ್ನೆಲ್ಲ ಕೇಳದೆ ಏಳಲಿಲ್ಲ.

“ನೋಡ್ರಿ ಅಕ್ಕೋರ, ಗುಳಿಗಿ ತಗೊಳ್ಳುವಾಗ ತಿಂಗಳಾ ಬರತಿತ್ತಲ್ಲ, ಅದು ನಿಮ್ಮ ಖರೇ ಮುಟ್ಟಲ್ಲ” ಎಂದರು. “ಗುಳಿಗಿ ನಡುವ ಬಿಟ್ಟಿದ್ದಕ್ಕ ಆಗೋ ಸ್ರಾವ ಅದು. ತತ್ತಿ ಬಿಡೋ ಕೆಲಸಾನ ನಿಂತಿರತೈತಿ. ಈಗ ಮೈ ತನ್ನ ಕೆಲಸ ತಾನ ಮತ್ತ ಶುರು ಮಾಡಬೇಕು. ಒಬ್ಬೊಬ್ಬರಿಗೆ ಒಂದ ತಿಂಗಳಿಗೆ ಆಗತೈತಿ, ಒಬ್ಬೊಬ್ಬರಿಗೆ ಮೂರು ತಿಂಗಳು ಬೇಕು. ಮೂರು ದಾಟಿದ್ರ ಮತ್ತ ಬರ್ರಿ.”

ಹಸೀನಾ, ನಿನಗೆ ಇದು ಹಳೆಯ ಪಾಠವಿರಬಹುದು. ನನಗೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಯೋಚನೆ. ಐದು ವರ್ಷ ತಪ್ಪದೆ ಬಂದದ್ದನ್ನು ನನ್ನದೆಂದುಕೊಂಡಿದ್ದೆನಲ್ಲ!

ಅತ್ತೆಗೆ ಹೇಳದೆ ವಿಧಿಯಿರಲಿಲ್ಲ. ಬಸಿರಲ್ಲವೆಂದೂ ಹೇಳಿದೆ, ಗುಳಿಗೆಯ ವಿಷಯವನ್ನೂ ಹೇಳಿದೆ. “ಐದು ವರ್ಷ ನನಗ ಒಂದು ಮಾತು ಹೇಳಲಾರದ ನುಂಗಿದಿ?” ಎಂದು ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ರೊಟ್ಟಿ ಬಡಿಯುತ್ತಿದ್ದವರು ಕೈ ನಿಲ್ಲಿಸಿ, “ಎಲ್ಲಿ, ಅದನ್ನ ತೋರಸು” ಎಂದರು. ಉಳಿದಿದ್ದ ಗುಳಿಗೆಗಳ ಒಂದು ಚೀಟಿ ಕೊಟ್ಟೆ. ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. “ಇದನ್ನ ನುಂಗಿದ್ರ ಕೆಟ್ಟ ರಕ್ತ ಒಳಗ ಕೂಡತೈತೇನು?”

ಇಲ್ಲತ್ತೆ, ಅದು ಕೂಡುವುದಿಲ್ಲ, ಗರ್ಭದ ಒಳಪದರ ತೆಳ್ಳಗೇ ಉಳಿಯುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ಹೇಳಿದೆ. ಎಂಟು ಹೆತ್ತು ಮೂವರನ್ನು ಉಳಿಸಿಕೊಂಡ ಹೆಂಗಸು. “ಜ್ವಾಳದ ಕಾಳಿನಷ್ಟ ಐತಿ” ಎಂದಷ್ಟೇ ಹೇಳಿ ಚೀಟಿ ಮರಳಿ ಕೊಟ್ಟರು.

ಆಗಸ್ಟ್ ನಾಲ್ಕಕ್ಕೆ, ಐವತ್ತಮೂರು ದಿನಗಳ ಮೇಲೆ, ಅದು ಬಂತು. ಪಾಠ ಮಾಡುತ್ತಿದ್ದಾಗ ಕಿಬ್ಬೊಟ್ಟೆಯಲ್ಲಿ ಆ ಹಳೆಯ ಸೆಳೆತ. ಕುಷ್ಟಗಿಯ ಸಾಲೆಯಲ್ಲಿ ನಾನು ಹೊಟ್ಟೆ ಹಿಡಿದು ಬಗ್ಗಿದರೆ ನೀನು ನನ್ನ ಪಾಟಿಚೀಲ ಹೊತ್ತು ಮನೆಗೆ ಮುಟ್ಟಿಸುತ್ತಿದ್ದೆಯಲ್ಲ, ಥೇಟ್ ಅದೇ ನೋವು. ಗುಳಿಗೆಯ ದಿನಗಳಲ್ಲಿ ಸ್ರಾವ ಎರಡೇ ದಿನ, ಅದೂ ಕೊಂಚ. ಈ ಸಲ ಐದು ದಿನ, ಮೂರು ಪಟ್ಟು. ಆದರೂ ಹೇಳಲೇ? ದೂರದೂರಿಗೆ ಹೋಗಿದ್ದವರು ಮನೆಗೆ ಬಂದಷ್ಟು ಸಂತೋಷವಾಯಿತು. ಆಮೇಲೆ ಮೂವತ್ತೆಂಟು ದಿನಕ್ಕೆ, ಮೂವತ್ತೊಂದಕ್ಕೆ, ಈ ಸಲ ಇಪ್ಪತ್ತೊಂಬತ್ತಕ್ಕೆ. ಮೊಡವೆಗಳೂ ಬಾಡಿವೆ. ಅತ್ತೆಯೇ ಈಗ ಕ್ಯಾಲೆಂಡರಿನಲ್ಲಿ ಗೀಟು ಹಾಕಿಸುತ್ತಾರೆ: “ಈ ಸಲ ಎಷ್ಟ ದಿನಕ್ಕ ಬಂತು?”

ಒಟ್ಟಿನಲ್ಲಿ ನನ್ನ ಮೈ ತನ್ನ ದಾರಿಗೆ ಬಂದಿದೆ. ನಿನ್ನ ಗುಳಿಗೆಯಿಂದ ನನಗೇನೂ ಕೆಡುಕಾಗಿಲ್ಲ, ಆ ಚಿಂತೆ ಬಿಡು. ಬೇರೆ ಹೆಣ್ಣುಮಕ್ಕಳು ಕೇಳಿದರೆ ನನ್ನ ಈ ದಿನಗಳ ಲೆಕ್ಕ ಹೇಳು, ಹೆದರುವುದು ತಪ್ಪುತ್ತದೆ. ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ, ಲಾಲಬೀ ಅತ್ತೆಯ ಪಾದಕ್ಕೆ ನಮಸ್ಕಾರ. ನೀವೆಲ್ಲ ತಂಪಾಗಿರಿ.

ನಿನ್ನ
ಪಂಪಾವತಿ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ಇಷ್ಟಾದರೂ ಬಸಿರು ನಿಲ್ಲಲಿಲ್ಲ, ಒಮ್ಮೆ ಇಬ್ಬರೂ ಹುಬ್ಬಳ್ಳಿಗೆ ಹೋಗಿ ತೋರಿಸಿಕೊಂಡು ಬರೋಣ ಎಂದು ಕಳೆದ ರವಿವಾರ ನಮ್ಮವರಿಗೆ ಹೇಳಿದೆ. ಕೂತಲ್ಲೇ ತಲೆ ತಗ್ಗಿಸಿದರು. “ಹುಬ್ಬಳ್ಳಿ ಬ್ಯಾಡ ಪಂಪಾ. ನಂದ ಆಪರೇಶನ್ ಆಗೈತಿ” ಎಂದರು. ಎಪ್ಪತ್ತಾರರಲ್ಲಿ ನಾನು ಎರಡನೆಯ ಹೆರಿಗೆಗೆ ತವರಿನಲ್ಲಿದ್ದಾಗ ಆದದ್ದಂತೆ. ಎಮರ್ಜೆನ್ಸಿ, ಮಕ್ಕಳಾಗದ ಆಪರೇಶನ್ ಮಾಡಿಸಿಕೊಂಡ ಚೀಟಿ ತಂದವರಿಗಷ್ಟೇ ನೌಕರಿ ಎಂದು ಕಚೇರಿಯಲ್ಲಿ ಹೆದರಿಸುತ್ತಿದ್ದ ವರ್ಷ. ಓಣಿಯವರು ನಕ್ಕಾರು ಎಂದು ಮುಚ್ಚಿಟ್ಟರು. ನಾಳೆ ಹೇಳಿದರಾಯಿತು, ನಾಳೆ ಹೇಳಿದರಾಯಿತು ಎಂದು ಆರು ವರ್ಷ. ನಾನು ಗುಳಿಗೆ ನುಂಗುವಾಗ ಎಷ್ಟೋ ಸಲ ತಂಬಿಗೆಯಲ್ಲಿ ನೀರು ತಂದುಕೊಟ್ಟವರು ಅವರೇ, ಹಸೀನಾ.

ನಾನು ಅಳಲಿಲ್ಲ, ಕೂಗಾಡಿದೆ. ನಿಮ್ಮ ಅವ್ವನಿಗೆ ನೀವೇ ಹೇಳಿ ಎಂದು ಹಟ ಹಿಡಿದೆ. ಇವತ್ತು ಬೆಳಿಗ್ಗೆ ಹೇಳಿದರು. ಆಮೇಲೆ ಅತ್ತೆ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದರು: “ಅಂವಗ ಆಗ ಭಾಳ ನೋವಾಗಿತ್ತಂತೇನು? ಹತ್ರ ಯಾರಿದ್ರಂತ?”

ಒಂದು ವಾರದಿಂದ ನಮ್ಮವರನ್ನು ನೂರು ಪ್ರಶ್ನೆ ಕೇಳಿದ್ದೇನೆ. ಇವೆರಡನ್ನು ಕೇಳಿರಲಿಲ್ಲ.